ಬನ್ನಿ ಎಲೆ ಬಂಗಾರ ಆಗಿದ್ದು ಹೇಗೆ?

ವಿಜಯದಶಮಿಗೆ ಬನ್ನಿ ಕೊಟ್ಟು 'ಬಂಗಾರದಂಗಿರೋಣ' ಅಂತೀವಲ್ಲ, ಯಾಕೆ?

ಮಹಾಭಾರತದ ವಿರಾಟಪರ್ವ. ಪಾಂಡವರಿಗೆ 1 ವರ್ಷ ಅಜ್ಞಾತವಾಸ. ಆಯುಧಗಳನ್ನು ಸ್ಮಶಾನದ ಹತ್ತಿರದ ಬನ್ನಿಮರದಲ್ಲಿ ಕಟ್ಟಿಟ್ಟರು. ಯಾರೂ ಮುಟ್ಟದಿರಲಿ ಅಂತ ಹೆಣವೊಂದನ್ನೂ ನೇತುಹಾಕಿದರು. ವರ್ಷ ಕಳೆದ ಮೇಲೆ ಅರ್ಜುನ ಅಲ್ಲಿಂದಲೇ ಗಾಂಡೀವ ತೆಗೆಸಿಕೊಂಡು ಕೌರವರನ್ನು ಗೆದ್ದ.

ಆ ಗೆಲುವಿಗಾಗಿಯೇ ಅರಸರು ಬನ್ನಿ ಪೂಜಿಸಿದರು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಶುರು ಮಾಡಿದರು. ಇವತ್ತಿಗೂ ಮೈಸೂರಿನ ಜಂಬೂಸವಾರಿ ಹೋಗೋದು ಬನ್ನಿಮಂಟಪಕ್ಕೇ.

ಆಯುಧ ತೆಗೆದ ಕತೆ ಎಲ್ಲರಿಗೂ ನೆನಪಿದೆ. ನನಗೆ ಇಷ್ಟ, ಇಟ್ಟ ಕತೆ. ಉತ್ತರ ಕರ್ನಾಟಕದಲ್ಲಿ ಮಾತು ಬಿಟ್ಟವರೂ ಅವತ್ತು ಬನ್ನಿ ಕೊಟ್ಟು ಒಂದಾಗ್ತಾರೆ. 'ನನ್ನ ಜಗಳ ಮರದ ಮೇಲಿಟ್ಟು ಬಂದೆ' ಅಂದಂಗೆ. ವಾಟ್ಸಾಪ್‌ನಲ್ಲಿ ಎಲೆಯ ಫೋಟೊ ಸಾಲದು. ಮುನಿಸಿಕೊಂಡವರ ಮನೆಗೆ ಹೋಗಿ, ಕೈಗೇ ಕೊಡಿ.