ಫ್ಲಿಪ್ಡ್ ಕ್ಲಾಸ್‌ರೂಮ್ (ವೃತ್ತಿ ತರಬೇತಿಯಲ್ಲಿ)

ಪಾಠವನ್ನು ಮೊದಲೇ ವೀಡಿಯೊದಲ್ಲಿ ನೋಡಿಕೊಂಡು ಬಂದು, ತರಗತಿಯ ಹೊತ್ತನ್ನು ಅಭ್ಯಾಸಕ್ಕೂ ಸಂದೇಹ ಪರಿಹಾರಕ್ಕೂ ಬಳಸುವ ಬೋಧನಾ ಕ್ರಮ. ಅಮೆರಿಕದ ಕೊಲರಾಡೊದ ರಸಾಯನಶಾಸ್ತ್ರ ಶಿಕ್ಷಕರಾದ ಜೊನಾಥನ್ ಬರ್ಗ್‌ಮನ್ ಮತ್ತು ಆರನ್ ಸ್ಯಾಮ್ಸ್ 2007ರಲ್ಲಿ ತಮ್ಮ ಪಾಠಗಳನ್ನು ಚಿತ್ರೀಕರಿಸತೊಡಗಿದ ಮೇಲೆ ಈ ಕ್ರಮ ಹೆಸರಾಯಿತು.

ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಐಟಿ ಕಂಪನಿ ಇನ್ಫೋಸಿಸ್ ತನ್ನ ನೌಕರರಿಗೆ ‘ಲೆಕ್ಸ್’ ವೇದಿಕೆಯ ಮೂಲಕ ಮೊಬೈಲಿನಲ್ಲೇ ಕಲಿಯುವ ಅನುಕೂಲ ಕಲ್ಪಿಸಿದೆ. ಇಂಥ ಅನುಕೂಲವಿದ್ದರೆ ಪಾಠವನ್ನು ಮೊದಲೇ ನೋಡಿಕೊಂಡು ಬರಬಹುದು; ವೈಟ್‌ಫೀಲ್ಡಿನ ಟ್ರಾಫಿಕ್ಕು ದಾಟಿ ತರಗತಿಗೆ ಬಂದವರನ್ನು ಬರೀ ಸ್ಲೈಡ್ ನೋಡಲು ಕೂರಿಸುವುದು ನಿಜಕ್ಕೂ ಅನ್ಯಾಯ.

ಕಾರ್ಖಾನೆಗಳ ಪ್ರದೇಶವಾದ ಪೀಣ್ಯದ ಲೆಕ್ಕವೇ ಬೇರೆ. ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರದ ಮುಂದಿನ ಪ್ರತಿ ಗಂಟೆಯೂ ದುಬಾರಿ. ಯಂತ್ರಕ್ಕೆ ಆದೇಶ ಕೊಡುವ ಜಿ-ಕೋಡ್, ಡ್ರಾಯಿಂಗ್ ಓದುವ ಕ್ರಮ, ಸುರಕ್ಷತಾ ನಿಯಮಗಳನ್ನು ಮೊದಲೇ ಕಲಿತು ಬಂದರೆ ಆ ಗಂಟೆ ಪೂರ್ತಿ ಕೈಕೆಲಸಕ್ಕೆ ಸಿಗುತ್ತದೆ. ಆದರೆ ಶಿಫ್ಟ್ ಮುಗಿಸಿ ದಣಿದ ಕಾರ್ಮಿಕರಿಗೆ ಇದು ಹೊರೆಯಾಗಬಾರದು: ವೀಡಿಯೊ ಚಿಕ್ಕದಾಗಿ, ಕನ್ನಡದಲ್ಲಿ ಇರಬೇಕು, ನೋಡುವ ಸಮಯವೂ ಕೆಲಸದ ಲೆಕ್ಕಕ್ಕೇ ಸೇರಬೇಕು.