ಬೆನ್ನುಹುರಿ ಗಾಯ: ಕರುಳಿನ ಗಂಭೀರ ತೊಡಕುಗಳು

ಬೆನ್ನುಹುರಿಗೆ ಪೆಟ್ಟಾದಾಗ ಮಿದುಳಿಗೂ ದೊಡ್ಡಕರುಳಿಗೂ ನಡುವಣ ನರಸಂಪರ್ಕ ಕಡಿದು, ಮಲವಿಸರ್ಜನೆಯ ಅರಿವು, ಹಿಡಿತ ಎರಡೂ ತಪ್ಪಬಹುದು. ಮುಂಬಯಿಯಲ್ಲಿ ರಸ್ತೆ ಅಪಘಾತ, ಕಟ್ಟಡ ಕೆಲಸದಲ್ಲಿ ಎತ್ತರದಿಂದ ಬೀಳುವುದರ ಜೊತೆಗೆ ಕಿಕ್ಕಿರಿದ ಲೋಕಲ್ ರೈಲಿನಿಂದ ಬೀಳುವುದೂ ಇಂಥ ಗಾಯಕ್ಕೆ ಕಾರಣ.

ಮೊದಲ ದಿನಗಳಲ್ಲಿ ಕರುಳಿನ ಚಲನೆ ನಿಂತು ಹೊಟ್ಟೆ ಉಬ್ಬುತ್ತದೆ. ವರ್ಷಗಟ್ಟಲೆ ಕಾಡುವುದು ಗಟ್ಟಿಮಲದ ಅಡಚಣೆ. ಕಡೆಗಣಿಸಿದರೆ ಕರುಳು ಹಿಗ್ಗಿ, ತಿರುಚಿಕೊಂಡು, ಕೆಲವೊಮ್ಮೆ ತೂತು ಬೀಳುತ್ತದೆ. ನೋವು ತಿಳಿಯದೆ ರೋಗನಿರ್ಣಯ ತಡವಾಗುವುದೇ ದೊಡ್ಡ ಅಪಾಯ. ಹಸಿವಿಲ್ಲದಿರುವುದು, ವಾಂತಿ, ಜ್ವರ, ಭುಜದ ನೋವು, ಹೆಚ್ಚಿದ ಸ್ನಾಯುಸೆಳೆತ ಮಾತ್ರ ಸುಳಿವು ಕೊಡಬಹುದು. ತೆಳುಮಲ ಸೋರಿದರೆ ಭೇದಿಯೆಂದು ಮಾತ್ರೆ ಕೊಡಬಾರದು. ಅದು ಗಟ್ಟಿಮಲದ ಪಕ್ಕದಿಂದ ಹರಿಯುತ್ತಿರಬಹುದು.

ಎದೆಮಟ್ಟದ 6ನೆಯ ನರಭಾಗ ಅಥವಾ ಅದಕ್ಕಿಂತ ಮೇಲೆ ಗಾಯವಾದವರಲ್ಲಿ ಮಲ ತುಂಬಿದ ಕರುಳು ರಕ್ತದೊತ್ತಡವನ್ನು ಹಠಾತ್ತನೆ ಏರಿಸಬಲ್ಲದು. ತಲೆ ಸಿಡಿಯುತ್ತದೆ, ಮುಖ ಕೆಂಪೇರುತ್ತದೆ. ಮಿದುಳಿನಲ್ಲಿ ರಕ್ತಸ್ರಾವವೂ ಆಗಬಹುದು. ರೋಗಿಯನ್ನು ನೇರ ಕೂರಿಸಿ, ಉಡುಪು ಸಡಿಲಿಸಿ, ಮೊದಲು ಮೂತ್ರಕೋಶ, ಆಮೇಲೆ ಗುದನಾಳ ನೋಡಬೇಕು. ಮರಗಟ್ಟಿಸುವ ಜೆಲ್ ಹಚ್ಚದೆ ಮಲ ತೆಗೆದರೆ ಒತ್ತಡ ಇನ್ನೂ ಏರೀತು.

ತಡೆಗೆ ನಿಗದಿತ ವೇಳೆಯ ಮಲವಿಸರ್ಜನೆ, ಅವರವರಿಗೆ ಹೊಂದುವಷ್ಟು ನಾರಿನ ಆಹಾರ, ಗುದದಲ್ಲಿಡುವ ಗುಳಿಗೆ, ನೀರಿನ ತೊಳೆತ ನೆರವಾಗುತ್ತವೆ. ಕೆಲವರಿಗೆ ಹೊಟ್ಟೆಯ ಮೇಲೆ ಮಲದ್ವಾರ ಮಾಡುವ ಶಸ್ತ್ರಚಿಕಿತ್ಸೆಯೇ ಅನುಕೂಲ. ಮುಂಬಯಿಯ ಹಾಜಿ ಅಲಿಯಲ್ಲಿ 1955ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಭೌತಿಕ ವೈದ್ಯ ಹಾಗೂ ಪುನರ್ವಸತಿ ಸಂಸ್ಥೆ ನಗರದ ಪ್ರಮುಖ ಪುನರ್ವಸತಿ ಕೇಂದ್ರ. ಆದರೆ ಚಾಳ್ ಎಂಬ ವಠಾರದ ಸಾಮೂಹಿಕ ಶೌಚಾಲಯಕ್ಕೆ ಗಾಲಿಕುರ್ಚಿ ಹೋಗದಿದ್ದರೆ, ಅಲ್ಲಿ ಕಲಿತ ಮಲವಿಸರ್ಜನೆಯ ಕ್ರಮವನ್ನು ಮನೆಯಲ್ಲಿ ಪಾಲಿಸುವುದು ಕಷ್ಟ.