ಕೊಯ್ನಿಕ್ಸ್ ಮತ್ತು ಸೇರು

ಪ್ರಕಟನೆ 6:6ರಲ್ಲಿ ಒಂದು ದೆನಾರಿಯಸ್ಸಿಗೆ ಸಿಗುವ ಗೋಧಿಯ ಅಳತೆ ಗ್ರೀಕ್ ಮೂಲದಲ್ಲಿ ಕೊಯ್ನಿಕ್ಸ್, ಅಂದರೆ ಸುಮಾರು 1 ಲೀಟರ್. ಅಥೇನೆಯಲ್ಲಿ 48 ಕೊಯ್ನಿಕ್ಸ್ ಸೇರಿ 1 ಮೆದಿಮ್ನೊಸ್ ಆಗುತ್ತಿತ್ತು. ಹೆರೊಡೋಟಸನು ಪಾರಸಿಯ ಸೈನ್ಯದ ಆಹಾರವನ್ನು ಆಳಿಗೆ ದಿನಕ್ಕೆ ಒಂದು ಕೊಯ್ನಿಕ್ಸಿನಂತೆ ಲೆಕ್ಕಹಾಕಿದನು. ದೆನಾರಿಯಸ್ಸಾದರೋ, ಮತ್ತಾಯ 20ರ ಪ್ರಕಾರ, ಕೂಲಿಯಾಳಿನ ದಿನದ ಸಂಬಳ. ಹೀಗಿರಲು ದಿನವಿಡೀ ದುಡಿದವನ ಗಳಿಕೆ ಅವನೊಬ್ಬನ ಹೊಟ್ಟೆಗೇ ಸರಿಹೋಗುವುದು. ಮಡದಿಮಕ್ಕಳಿಗೆ ಏನೂ ಉಳಿಯದು.

ಗದಗ, ಲಕ್ಷ್ಮೇಶ್ವರ, ಮುಂಡರಗಿಯ ಪೇಟೆಗಳಲ್ಲಿ ಜೋಳವನ್ನು ಸೇರಿನಿಂದ ಅಳೆಯುತ್ತಿದ್ದ ಕಾಲದಲ್ಲಿ, 1876–78ರ ಬರವನ್ನು ಕಂಡ ಈ ಸೀಮೆಯ ಜನರಿಗೆ, ಕೊಯ್ನಿಕ್ಸನ್ನು ಸೇರೆಂದರೆ ಸಾಕಾಗುತ್ತಿತ್ತು. 1956ರ ಕಾಯಿದೆಯಿಂದ ಬಂದ ಮೆಟ್ರಿಕ್ ಪದ್ಧತಿ ಆ ಸೇರನ್ನು ಪೇಟೆಯಿಂದ ತೆಗೆಯಿತು. ಆದುದರಿಂದ ಇಂದಿನ ಬೋಧಕನು ಲೀಟರಿನ ಲೆಕ್ಕಕ್ಕೆ ನಿಲ್ಲದೆ, ಆ ಅಳತೆಯೊಳಗಿನ ಹಸಿವನ್ನೂ ಸಭೆಗೆ ತಿಳಿಸಬೇಕು.